ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬೃಹತ್ ಆಕೃತಿಗಳ ಸಂಪಾದನೆ

ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಆರಂಭವಾದ, ಸ್ವಯಂಸೇವಕರು ಸೇರಿ ರಚಿಸುತ್ತಿರುವ ಮುಕ್ತ ಭೂಪಟವಾಗಿದೆ. ಜಿಲ್ಲೆ, ತಾಲ್ಲೂಕು, ಜಲಾಶಯ, ಅರಣ್ಯ ಮೊದಲಾದ ವಿಸ್ತಾರವಾದ ಪ್ರದೇಶಗಳನ್ನು ಇದರಲ್ಲಿ ಒಂದೇ ಗೆರೆಯಿಂದ ಬಿಡಿಸದೆ, ಹಲವು ಗೆರೆಗಳನ್ನು ಜೋಡಿಸಿ ರೂಪಿಸಲಾಗುತ್ತದೆ. ಇಂತಹ ಆಕೃತಿಗಳಲ್ಲಿ ಒಂದು ಗೆರೆಯನ್ನು ಬದಲಿಸಿದರೆ ಅದನ್ನು ಹಂಚಿಕೊಂಡಿರುವ ಎಲ್ಲ ಆಕೃತಿಗಳೂ ಬದಲಾಗುತ್ತವೆ. ಆದ್ದರಿಂದ ಇವುಗಳ ಸಂಪಾದನೆಗೆ ವಿಶೇಷ ಎಚ್ಚರಿಕೆ ಅಗತ್ಯ.

ರಚನೆ

ಈ ಭೂಪಟದ ದತ್ತಾಂಶದಲ್ಲಿ ಮೂರು ಮೂಲ ಘಟಕಗಳಿವೆ. ಅಕ್ಷಾಂಶ ಮತ್ತು ರೇಖಾಂಶಗಳನ್ನು ಹೊಂದಿರುವ ಬಿಂದುವನ್ನು ನೋಡ್ ಎಂದೂ, ಬಿಂದುಗಳನ್ನು ಕ್ರಮವಾಗಿ ಸೇರಿಸುವ ಗೆರೆಯನ್ನು ವೇ ಎಂದೂ, ಹಲವು ಘಟಕಗಳನ್ನು ಒಂದು ಗುಂಪಾಗಿಸುವ ಸಂಬಂಧವನ್ನು ರಿಲೇಶನ್ ಎಂದೂ ಕರೆಯುತ್ತಾರೆ. ಒಂದು ಗೆರೆಯಲ್ಲಿ 2,000ಕ್ಕಿಂತ ಹೆಚ್ಚು ಬಿಂದುಗಳಿಗೆ ಅವಕಾಶವಿಲ್ಲ. ಅದಕ್ಕಿಂತ ದೊಡ್ಡ ಅಂಚನ್ನು ಹಲವು ಗೆರೆಗಳಾಗಿ ತುಂಡರಿಸಿ ಒಂದು ಸಂಬಂಧದ ಸದಸ್ಯರನ್ನಾಗಿ ಮಾಡಲಾಗುತ್ತದೆ.

ಸದಸ್ಯ ಗೆರೆಗಳಿಗೆ 'ಹೊರ' ಅಥವಾ 'ಒಳ' ಎಂಬ ಪಾತ್ರವಿರುತ್ತದೆ. ತುಂಗಭದ್ರಾ ಜಲಾಶಯದ ದಡವು ಹೊರ ಅಂಚಾದರೆ, ನೀರಿನ ನಡುವಿನ ನಡುಗಡ್ಡೆಗಳ ಅಂಚು ಒಳ ಅಂಚಾಗುತ್ತದೆ. ಹೊರ ಅಂಚಿನ ಗೆರೆಗಳು ತುದಿಯಿಂದ ತುದಿಗೆ ಸೇರಿ ಮುಚ್ಚಿದ ಉಂಗುರವಾಗಲೇಬೇಕು. ಒಂದು ಗೆರೆ ಅಳಿಸಿಹೋದರೂ ಇಡೀ ಜಲಾಶಯದ ನೀಲಿ ಬಣ್ಣ ಭೂಪಟದಿಂದ ಮಾಯವಾಗಬಹುದು.

ಉದಾಹರಣೆ: ವಿಜಯನಗರ ಜಿಲ್ಲೆ

2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ ವಿಜಯನಗರ ಜಿಲ್ಲೆಯನ್ನು ರಚಿಸಲಾಯಿತು. ಹೊಸಪೇಟೆಯೊಂದಿಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಇದಕ್ಕೆ ಸೇರಿದವು. ಇವುಗಳಲ್ಲಿ ಹರಪನಹಳ್ಳಿಯು 1997ರಲ್ಲಿ ಬಳ್ಳಾರಿಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಸೇರಿ, ಮುಂದೆ ಬಳ್ಳಾರಿಗೆ ಮರಳಿತ್ತು. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟ ತಾಲ್ಲೂಕು.

ಭಾರತದ ಭೂಪಟದಲ್ಲಿ ಆಡಳಿತ ಗಡಿಗಳಿಗೆ ಮಟ್ಟದ ಸಂಖ್ಯೆ ನೀಡಲಾಗುತ್ತದೆ: ರಾಜ್ಯಕ್ಕೆ 4, ಜಿಲ್ಲೆಗೆ 5, ತಾಲ್ಲೂಕಿಗೆ 6. ಒಂದೇ ಗೆರೆ ಎರಡು ಮಟ್ಟಗಳ ಗಡಿಯಾಗಿದ್ದರೆ ಅದಕ್ಕೆ ಚಿಕ್ಕ ಸಂಖ್ಯೆ ಸಲ್ಲುತ್ತದೆ. ಹೊಸ ಜಿಲ್ಲೆ ರಚನೆಯಾದಾಗ ಕೂಡ್ಲಿಗಿ ಮತ್ತು ಸಂಡೂರು ತಾಲ್ಲೂಕುಗಳ ನಡುವಿನ ಗಡಿಯು ಜಿಲ್ಲಾ ಗಡಿಯಾಯಿತು. ಹರಪನಹಳ್ಳಿಯು ದಾವಣಗೆರೆಯಲ್ಲಿದ್ದಾಗ ಜಿಲ್ಲಾ ಗಡಿಯಾಗಿದ್ದ ಕೊಟ್ಟೂರು ಕಡೆಯ ಗಡಿಯು ಈಗ ತಾಲ್ಲೂಕು ಗಡಿ ಮಾತ್ರ. ನೆಲದ ಮೇಲೆ ಈ ಗೆರೆಗಳು ಸರಿದಿಲ್ಲ. ಅವುಗಳ ಸ್ಥಾನಮಾನವಷ್ಟೇ ಬದಲಾಗಿದೆ. ಹೀಗಾಗಿ ಸಂಪಾದಕರು ಹೊಸ ಗೆರೆ ಬಿಡಿಸಬೇಕಿಲ್ಲ. ಇರುವ ಗೆರೆಗಳನ್ನೇ ಹೊಸ ಜಿಲ್ಲೆಯ ಸಂಬಂಧಕ್ಕೆ ಸೇರಿಸಿ, ಹಳೆಯ ಜಿಲ್ಲೆಯ ಸಂಬಂಧದಿಂದ ಅದಕ್ಕೆ ಇನ್ನು ಸೇರದವುಗಳನ್ನು ಮಾತ್ರ ತೆಗೆದು, ಮಟ್ಟದ ಸಂಖ್ಯೆಯನ್ನು ತಿದ್ದಿದರೆ ಸಾಕು. ಹಳೆಯ ಗೆರೆಯ ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದರೆ ಎರಡರ ನಡುವೆ ಯಾವ ತಾಲ್ಲೂಕಿಗೂ ಸೇರದ, ಅಥವಾ ಎರಡಕ್ಕೂ ಸೇರಿದ ಕಿರುಪಟ್ಟಿಗಳು ಉಳಿಯುತ್ತವೆ.

ಸಾಮಾನ್ಯ ದೋಷಗಳು

ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಅಂಚಿನಲ್ಲಿ ತುಂಗಭದ್ರಾ ನದಿ ಹರಿಯುತ್ತದೆ. ಇಂತಹ ಕಡೆ ನದಿಯ ಗೆರೆಯನ್ನೇ ಗಡಿಯಾಗಿಯೂ ಬಳಸಿದ್ದರೆ, ಉಪಗ್ರಹ ಚಿತ್ರ ನೋಡಿ ನದಿಯನ್ನು ತಿದ್ದುವವರು ಅರಿವಿಲ್ಲದೆ ಗಡಿಯನ್ನೂ ಸರಿಸುತ್ತಾರೆ. ಗಡಿಯ ಉಂಗುರ ಮುರಿದರೆ ಅಥವಾ ತಪ್ಪಾದರೆ, ಹಳ್ಳಿಯೊಂದನ್ನು ಹುಡುಕಿದವರಿಗೆ ಅದರ ತಾಲ್ಲೂಕು, ಜಿಲ್ಲೆಗಳ ಹೆಸರು ತಪ್ಪಾಗಿ ಕಾಣಬಹುದು. ಈ ದತ್ತಾಂಶವನ್ನು ಬೇರೆ ಭೂಪಟಗಳೂ ಆ್ಯಪ್‌ಗಳೂ ಬಳಸುವುದರಿಂದ ತಪ್ಪು ಅಲ್ಲಿಗೂ ಹರಡುತ್ತದೆ.

ಸಂಪಾದನೆಯ ಕ್ರಮ

ಕಿರು ತಿದ್ದುಪಡಿಗಳಿಗೆ ಬ್ರೌಸರ್‌ನಲ್ಲೇ ತೆರೆಯುವ ಐಡಿ ಸಂಪಾದಕ ಅನುಕೂಲಕರ; ಬೃಹತ್ ಆಕೃತಿಗಳಿಗೆ ಜೆಓಎಸ್‌ಎಂ ತಂತ್ರಾಂಶವನ್ನು ಹೆಚ್ಚಾಗಿ ಬಳಸುತ್ತಾರೆ. ಮೊದಲು ಸಂಬಂಧದ ಎಲ್ಲ ಸದಸ್ಯರನ್ನು ಇಳಿಸಿಕೊಳ್ಳಬೇಕು. ಗೆರೆಯನ್ನು ಅಳಿಸುವ ಮುನ್ನ ಅದು ಬೇರೆ ಯಾವ ಸಂಬಂಧಗಳಿಗೆ ಸೇರಿದೆ ಎಂಬುದನ್ನು ಪರಿಶೀಲಿಸಬೇಕು. ತಿದ್ದಿದ ಬಳಿಕ ದೋಷಪರೀಕ್ಷಕವನ್ನು ನಡೆಸಿ, ಉಂಗುರ ಮುಚ್ಚಿದೆಯೇ ಎಂದು ಖಚಿತಪಡಿಸಿಕೊಂಡು, ವಿವರಣೆಯೊಂದಿಗೆ ಉಳಿಸಬೇಕು. ಒಂದೇ ಘಟಕವನ್ನು ಇಬ್ಬರು ಏಕಕಾಲದಲ್ಲಿ ತಿದ್ದಿದರೆ, ನಂತರ ಉಳಿಸುವವರಿಗೆ ಆವೃತ್ತಿಗಳ ಸಂಘರ್ಷದ ಸೂಚನೆ ಬರುತ್ತದೆ. ಬೃಹತ್ ಆಕೃತಿಯನ್ನು ಅನೇಕರು ಮುಟ್ಟುವುದರಿಂದ, ತಿದ್ದುಪಡಿಗಳನ್ನು ಚಿಕ್ಕ ಕಂತುಗಳಲ್ಲಿ ಬೇಗನೆ ಉಳಿಸುವುದು ಒಳಿತು.

ತಾಲ್ಲೂಕು ಗಡಿಗಳು ಉಪಗ್ರಹ ಚಿತ್ರದಲ್ಲಿ ಕಾಣುವುದಿಲ್ಲ. ಪರವಾನಗಿ ಹೊಂದದ ವಾಣಿಜ್ಯ ಭೂಪಟಗಳಿಂದ ಅವನ್ನು ನಕಲಿಸುವುದು ನಿಷಿದ್ಧ. ಬಳಕೆಗೆ ಅನುಮತಿಯಿರುವ ಆಕರಗಳನ್ನೇ ಅವಲಂಬಿಸಬೇಕು. ಪ್ರತಿ ಘಟಕದ ಹಿಂದಿನ ಆವೃತ್ತಿಗಳು ಇತಿಹಾಸದಲ್ಲಿ ಉಳಿದಿರುವುದರಿಂದ, ಮುರಿದ ಆಕೃತಿಯನ್ನು ಹಿಂದಿನ ಸ್ಥಿತಿಗೆ ತರಲು ಸಾಧ್ಯವಿದೆ.