ಗಾಡಿಯೇ ಮನೆ, ಬೀದರೇ ಅಂಗಳ: ಮೂರು ಮನೆಯವರ ಮೂರು ದಿನ

ನಮ್ಮ ಕಡೆ ಟೂರ್ ಅಂದ್ರೆ ಊಟಿ, ಮೈಸೂರು, ಇಲ್ಲವೇ ಅಜ್ಮೀರ್. ಮನೆಯ ಗಂಡಸರು ಗಲ್ಫಿನ ಎಲ್ಲಾ ಊರು ನೋಡಿರುತ್ತಾರೆ. ಆದರೆ ಹೆಂಗಸರನ್ನು, ಮಂಡಿ ನೋವಿನ ಉಮ್ಮಂದಿರನ್ನು ಕರೆದುಕೊಂಡು ನಮ್ಮದೇ ರಾಜ್ಯದ ಇನ್ನೊಂದು ತುದಿಗೆ ಹೋಗುವವರು ಕಡಿಮೆ. ಕಾರಣ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ಲಾಡ್ಜ್ ಖರ್ಚು, ಊಟದ ಚಿಂತೆ, ನಮಾಝ್ ಮತ್ತು ಶೌಚದ ತಾಪತ್ರಯ.

ಇದಕ್ಕೆಲ್ಲ ಒಂದು ದಾರಿ ಗಾಡಿಯನ್ನೇ ಮನೆ ಮಾಡಿಕೊಳ್ಳುವುದು. ವಿದೇಶಗಳಲ್ಲಿ ಇದು ಹಳೆಯ ರೂಢಿ. ಪಕ್ಕದ ಕೇರಳ ಸರಕಾರ 2021ರಲ್ಲಿ ಇದಕ್ಕಾಗಿಯೇ ಕ್ಯಾರವಾನ್ ಯೋಜನೆ ತಂದಿತು. ಅಂಥ ಐಷಾರಾಮಿ ಬಸ್ಸಿನ ಬಾಡಿಗೆ ನಮಗೆ ಎಟುಕುವುದಿಲ್ಲ. ಹಾಗಾಗಿ ನಾವು ಮೂರು ಮನೆಯವರು ಸೇರಿ ಪರಿಚಯದವರ ಟೆಂಪೋ ಟ್ರಾವೆಲರ್ ಮಾತಾಡಿದೆವು. ಹಿಂದಿನ ಸೀಟು ಬಿಚ್ಚಿ ಹಲಗೆ, ಹಾಸಿಗೆ. ಬಾಗಿಲ ಬಳಿ ನೀರಿನ ಕ್ಯಾನು, ಗ್ಯಾಸ್ ಒಲೆ, ಒಂದು ಮೂಟೆ ಕುಚಲಕ್ಕಿ, ಉಪ್ಪಿನಕಾಯಿ ಭರಣಿ. ಅಡುಗೆ ಯಾವಾಗಲೂ ಗಾಡಿ ನಿಲ್ಲಿಸಿ, ಒಲೆಯನ್ನು ಹೊರಗಿಟ್ಟು. ರಾತ್ರಿ ಹೆಂಗಸರು ಮಕ್ಕಳು ಒಳಗೆ, ಗಂಡಸರು ಹೊರಗೆ ಚಾಪೆಯಲ್ಲಿ. ಪೆಟ್ರೋಲ್ ಬಂಕಿನವರನ್ನು ಕೇಳಿ ಒಪ್ಪಿಗೆ ಪಡೆದ ಮೇಲೆಯೇ ನಿಲ್ಲಿಸುತ್ತಿದ್ದೆವು. ಶೌಚಾಲಯವೂ ಅಲ್ಲೇ ಸಿಗುತ್ತಿತ್ತು.

ಮಂಗಳೂರಿನಿಂದ ಹುಬ್ಬಳ್ಳಿ, ವಿಜಯಪುರ, ಕಲಬುರಗಿ ದಾಟಿ ಬೀದರ್ ಮುಟ್ಟಲು ಎಂಟುನೂರು ಕಿಲೋಮೀಟರ್ ಹತ್ತಿರ ಆಗುತ್ತದೆ. ಎರಡು ದಿನದ ಕಪ್ಪು ಮಣ್ಣಿನ ದಾರಿ ಮುಗಿದು ಬೀದರ್ ಬಂದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ಇದು ನಮ್ಮ ಊರಿನ ಮಣ್ಣಲ್ವಾ! ಹೌದು, ಅಲ್ಲಿ ನೆಲ ಕೆಂಪು, ಕಲ್ಲು ಕೆಂಪು. ನಾವು ಮನೆ ಕಟ್ಟುವ ಅದೇ ಮುರಕಲ್ಲಿನಿಂದ ಬಹಮನಿ ಸುಲ್ತಾನರು ಕೋಟೆ ಕಟ್ಟಿದ್ದಾರೆ. ಒಂದು ಕಡೆ ಕಂದಕ ಒಂದಲ್ಲ, ಮೂರು ಸಾಲು. ಅದೇ ಬಂಡೆಯನ್ನು ಕಡಿದು ಮಾಡಿದ್ದು.

ಬೀದರ್ ದೊಡ್ಡ ಊರಲ್ಲ. ಆದರೆ ತಿರುವು ತಿರುವಿಗೂ ಒಂದು ವಿಚಿತ್ರ. ಪೇಟೆಯ ನಡುವೆ ನಾಲ್ಕು ದಾರಿ ಕೂಡುವಲ್ಲಿ ಚೌಬಾರ ಅಂತ ಒಂದು ಗುಂಡು ಗೋಪುರ, ಸುಮಾರು 71 ಅಡಿ ಎತ್ತರ. ಹಿಂದೆ ಕಾವಲಿಗಿದ್ದದ್ದು, ಈಗ ಗಡಿಯಾರ ಹೊತ್ತು ನಿಂತಿದೆ. ರಿಕ್ಷಾ, ತಳ್ಳುಗಾಡಿ, ಬೈಕುಗಳೆಲ್ಲ ಅದಕ್ಕೊಂದು ಸುತ್ತು ಹಾಕಿಯೇ ಹೋಗಬೇಕು. ಊರಿನ ಇನ್ನೊಂದು ಬದಿಯಲ್ಲಿ ಗುರುನಾನಕ್ ಝೀರಾ. ಬಂಡೆಯ ಸಂದಿನಿಂದ ಬರುವ ಸಿಹಿನೀರು, ಯಾರು ಹೋದರೂ ಜಾತಿ ಕೇಳದೆ ಬಡಿಸುವ ಲಂಗರ್ ಊಟ.

ಬಿದ್ರಿ ಅಂಗಡಿಗಳ ಕೆಲಸ ನೋಡಲು ದುಡ್ಡು ಕೊಡಬೇಕಾಗಿಲ್ಲ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಹೂಜಿ, ತಟ್ಟೆ ಎರಕ ಹೊಯ್ಯುತ್ತಾರೆ. ಉಳಿಯಿಂದ ಗೀರಿ ಬೆಳ್ಳಿಯ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣು, ನವಸಾಗರ ಹಾಕಿದ ಬಿಸಿನೀರಿನಲ್ಲಿ ಅದ್ದುತ್ತಾರೆ. ಲೋಹ ಕಡು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಯಾವ ಮಣ್ಣು ಆಗುತ್ತದೆ ಅಂತ ಕಸುಬುದಾರರು ನಾಲಿಗೆಗೆ ಹಚ್ಚಿ ನೋಡಿ ಹೇಳುತ್ತಾರೆ! ಇಲ್ಲಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಈ ಕಲೆಗಾಗಿಯೇ 2023ರಲ್ಲಿ ಪದ್ಮಶ್ರೀ ಸಿಕ್ಕಿತು.

ಇನ್ನು ನೌಬಾದಿನ ಕರೇಝ್. ಪರ್ಶಿಯಾದ ಜಾಣ್ಮೆಯಲ್ಲಿ ಹದಿನೈದನೇ ಶತಮಾನದ ಹೊತ್ತಿಗೆ ಮಾಡಿದ ನೆಲದಡಿಯ ನೀರಿನ ಕಾಲುವೆ ಇದು. ಎರಡು ಕಿಲೋಮೀಟರಿಗೂ ಉದ್ದ. ಮೇಲೆ ಅಲ್ಲಲ್ಲಿ ಬಾವಿಯಂತೆ ಗಾಳಿಯ ಬಾಯಿಗಳು, ಕೆಳಗೆ ಮುರಕಲ್ಲು ಕೊರೆದ ದಾರಿಯಲ್ಲಿ ಪಂಪು ಇಲ್ಲದೆ ಇಳಿಜಾರಿಗೆ ಹರಿಯುವ ನೀರು. ಗಾಡಿಯಿಂದ ಮೆಲ್ಲ ಇಳಿದು ಬಾವಿಯ ಬಾಯಿಗೆ ಬಗ್ಗಿ ನೋಡಿದ ನಮ್ಮ ಉಮ್ಮ ಹೇಳಿದ್ದು ಇಷ್ಟೇ: "ಇದು ನಮ್ಮ ಗುಡ್ಡದ ಸುರಂಗ." ಸರಿಯಾದ ಮಾತು. ಬಾಯಾರು, ಮಾಣಿಲದ ಕಡೆ ತೋಟಕ್ಕೆ ನೀರು ತರುವ ಸುರಂಗದ್ದೂ ಇದೇ ಉಪಾಯ. ಸುಲ್ತಾನ ಪಟ್ಟಣಕ್ಕೆ ಮಾಡಿಸಿದ, ನಮ್ಮವರು ಅಡಿಕೆ ತೋಟಕ್ಕೆ ಮಾಡಿದರು, ಅಷ್ಟೇ ವ್ಯತ್ಯಾಸ.

ಅಷ್ಟೂರಿನ ಗುಂಬಜ್‌ಗಳು ಊರಿನಿಂದ ಸ್ವಲ್ಪ ಹೊರಗೆ. ಹುಮಾಯೂನ್ ಷಾನ ಗೋರಿಯ ಗುಮ್ಮಟ ಸಿಡಿಲು ಬಡಿದು ಅರ್ಧ ಕಳಚಿದೆ, ಕಡಿದಿಟ್ಟ ಹಣ್ಣಿನ ಹಾಗೆ ಒಳಗೋಡೆ ಕಾಣುತ್ತದೆ. ಪಕ್ಕದ ಅಹ್ಮದ್ ಷಾ ವಲಿಯ ಗೋರಿಗೆ ಮುಸ್ಲಿಮರೂ ಬರುತ್ತಾರೆ, ಲಿಂಗಾಯತರೂ ಬರುತ್ತಾರೆ. ಅವರು ಅಲ್ಲಮಪ್ರಭು ಅಂತ ಭಾವಿಸಿ ನಡೆದುಕೊಳ್ಳುತ್ತಾರೆ. ಅಲ್ಲಿನ ಉರೂಸಿಗೆ ಕಲಬುರಗಿ ಜಿಲ್ಲೆಯಿಂದ ಜಂಗಮರು ಬರುವ ಪದ್ಧತಿ ಇವತ್ತಿಗೂ ಇದೆ.

ಇಷ್ಟೆಲ್ಲ ನೋಡಿದರೂ, ಮದ್ರಸದಲ್ಲಿ ಪಾಠ ಹೇಳುವ ನಮ್ಮಂಥವರ ಕಾಲು ನಿಂತದ್ದು ಮಹ್ಮೂದ್ ಗವಾನರ ಮದ್ರಸದ ಎದುರು. 1472ರಲ್ಲಿ ಕಟ್ಟಿದ್ದು. ಮೂರು ಅಂತಸ್ತು, ನೀಲಿ ಹಸಿರು ಹೆಂಚಿನ ಕುಸುರಿ, ಉಪಾಧ್ಯಾಯರಿಗೆ ವಿದ್ಯಾರ್ಥಿಗಳಿಗೆ ಅಲ್ಲೇ ವಾಸ, ಮೂರು ಸಾವಿರ ಪುಸ್ತಕಗಳ ಭಂಡಾರ ಇತ್ತು ಅನ್ನುತ್ತಾರೆ. ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಈಗ ಒಂಟಿ ಮಿನಾರ ಉಳಿದಿದೆ.

ಕಟ್ಟಿಸಿದವರ ಕತೆ ಇನ್ನೂ ದೊಡ್ಡದು. ಗವಾನ್ ಪರ್ಶಿಯಾದ ಗೀಲಾನಿನವರು. ನಮ್ಮ ಹಿರಿಯರ ಹಾಗೆ ವ್ಯಾಪಾರಕ್ಕೆಂದು ಹಡಗು ಹತ್ತಿ ದಾಭೋಲ್ ಬಂದರಿಗೆ ಬಂದವರು. ಬುದ್ಧಿ, ನಿಷ್ಠೆಯಿಂದ ರಾಜ್ಯದ ವಜೀರರಾದರು. ಅಧಿಕಾರ ದೊಡ್ಡದಿದ್ದರೂ ಸರಳವಾಗಿ ಬದುಕಿದರು ಎಂದು ಚರಿತ್ರೆಕಾರರು ಬರೆದಿದ್ದಾರೆ. ಅವರ ಏಳಿಗೆ ಸಹಿಸದವರು ಮೊಹರು ಕಾಯುವ ಆಳನ್ನು ಮರುಳು ಮಾಡಿ, ಖಾಲಿ ಕಾಗದಕ್ಕೆ ಗವಾನರ ಮೊಹರು ಒತ್ತಿಸಿಕೊಂಡರು. ಆಮೇಲೆ ಅದರ ಮೇಲೆ ಶತ್ರು ರಾಜನಿಗೆ ಬರೆದ ಪತ್ರದಂತೆ ದ್ರೋಹದ ಮಾತು ಬರೆದರು. ಸುಲ್ತಾನ ಮೂರನೇ ಮುಹಮ್ಮದ್ ಷಾ ಕಾಗದ ನೋಡಿದ. ಮೊಹರು ನನ್ನದೇ, ಬರಹ ನನ್ನದಲ್ಲ ಎಂದರು ಗವಾನ್. ವಿಚಾರಣೆ ಆಗಲಿಲ್ಲ. 1481ರ ಏಪ್ರಿಲ್‌ನಲ್ಲಿ ಕೊಂಡಪಲ್ಲಿಯ ಬಿಡಾರದಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿದ್ದ ಆ ಮುದುಕರ ತಲೆ ಹೋಯಿತು. ಸತ್ಯ ಗೊತ್ತಾದ ಮೇಲೆ ಸುಲ್ತಾನ ಪಶ್ಚಾತ್ತಾಪ ಪಟ್ಟ. ಒಂದು ವರ್ಷದೊಳಗೆ ಅವನೂ ತೀರಿಕೊಂಡ. ಮುಂದೆ ರಾಜ್ಯವೇ ಐದು ಪಾಲಾಯಿತು.

ಸುದ್ದಿ ಬಂದರೆ ಮೊದಲು ಪರಿಶೀಲಿಸಿ ಅಂತ ನಾವು ಮಕ್ಕಳಿಗೆ ಪಾಠ ಮಾಡುತ್ತೇವೆ. ಅವತ್ತು ಪಾಠ ಮಾಡುವ ಕೆಲಸವೇ ಇರಲಿಲ್ಲ. ಹತ್ತನೇ ತರಗತಿಯ ಹುಡುಗ ಕೇಳಿದ: "ಆ ಕಾಗದ ಯಾರಾದ್ರೂ ಇನ್ನೊಂದು ಸಲ ಓದಿದ್ರೆ ಸಾಕಿತ್ತಲ್ವಾ?" ಸಾಕಿತ್ತು. ನಮ್ಮ ನಿಮ್ಮ ಮೊಬೈಲಿಗೆ ದಿನಾ ಬರುವ ಕಾಗದಗಳಿಗೂ ಮೊಹರು ಇರುತ್ತದೆ, ಫೋಟೋ ಇರುತ್ತದೆ. ಯಾರದ್ದೋ ಮಾನ, ಕೆಲವೊಮ್ಮೆ ಜೀವ, ನಮ್ಮ ಹೆಬ್ಬೆರಳ ತುದಿಯಲ್ಲಿರುತ್ತದೆ.

ಗವಾನರ ಗೋರಿ ಬೀದರಿನ ಹತ್ತಿರ ಗೋರನಳ್ಳಿಯಲ್ಲಿದೆ. ಗುಮ್ಮಟ ಇಲ್ಲ, ಬಯಲಲ್ಲಿ ಎತ್ತರದ ಕಟ್ಟೆ, ಮೇಲೆ ಸಾದಾ ಗೋರಿ. ಅಹ್ಮದ್ ಷಾ ವಲಿಯ ಗುಮ್ಮಟ ನೋಡಲು ಹೋಗುವವರು ಇಲ್ಲಿಗೂ ಒಂದು ಗಳಿಗೆ ಬಂದು ಫಾತಿಹಾ ಓದಿ. ಗಾಡಿಯಲ್ಲಿ ಹೋಗುವವರಿಗೆ ಇನ್ನೆರಡು ಮಾತು: ಚಳಿಗಾಲದಲ್ಲಿ ಹೋಗಿ, ಬೀದರ್ ಎತ್ತರದಲ್ಲಿದೆ, ರಾತ್ರಿ ಕಂಬಳಿ ಬೇಕು. ಹಿರಿಯರನ್ನು ಬಿಟ್ಟು ಹೋಗಬೇಡಿ. ಅವರಿಲ್ಲದಿದ್ದರೆ ಕರೇಝ್ ನಮಗೆ ಬರೀ ಬಾವಿಯಾಗಿ ಕಾಣುತ್ತಿತ್ತು.