ಕಣ್ಣೊಳಗಿನ ಬೆಳಗಿನ ಕೆಲಸ

ದೊಡ್ಡಮ್ಮ ಕದದ ಅಗುಳಿ ಸರಿಸುತ್ತಾರೆ. ಎಳೆಬಿಸಿಲು ಹೊಸ್ತಿಲು ದಾಟಿ ನಡುಮನೆಯ ಕೆಂಪು ನೆಲದ ಮೇಲೆ ಉದ್ದಕ್ಕೆ ಮಲಗುತ್ತದೆ. ಅವರ ಪಾಪೆ ಕಿರಿದಾಗುತ್ತದೆ. ನಮಗೆ ಕಾಣುವುದು ಅಷ್ಟೇ. ಉಳಿದದ್ದು ಆ ಕಪ್ಪು ಬಾಗಿಲಿನಾಚೆ, ಕಣ್ಣುಗುಡ್ಡೆಯ ಹಿಂಗೋಡೆಯಲ್ಲಿ ನಡೆಯುತ್ತದೆ.

ಅಲ್ಲಿ ಸುಮಾರು 12 ಕೋಟಿ ದಂಡಕೋಶಗಳು ಒತ್ತೊತ್ತಾಗಿ ನಿಂತಿವೆ. ಮಬ್ಬಿನಲ್ಲಿ ನಮಗೆ ದಾರಿ ತೋರಿಸುವವು ಇವೇ. ಒಂದೊಂದರಲ್ಲೂ ಹಪ್ಪಳ ಪೇರಿಸಿಟ್ಟ ಹಾಗೆ ಸಾವಿರದಷ್ಟು ತೆಳು ಬಿಲ್ಲೆಗಳು. ಬೆಳಕನ್ನು ಹಿಡಿಯುವುದು ಅವುಗಳ ಕೆಲಸ. ಬುಡದಲ್ಲಿ ಹೊಸ ಬಿಲ್ಲೆ ಹುಟ್ಟುತ್ತದೆ, ಹಳೆಯದು ತುದಿಯತ್ತ ಸರಿಯುತ್ತದೆ, ತುದಿ ಮುಟ್ಟಿದ್ದು ಕಳಚುತ್ತದೆ.

ಆ ತುದಿಗೆ ಆತು ನಿಂತಿರುವ ಆಸರೆಕೋಶಗಳ ಹಾಸಿಗೆ ವರ್ಣಪದರವೆಂದು ಹೆಸರು. ಒಂದೇ ಕೋಶದಷ್ಟು ದಪ್ಪ, ಕಂದುಗಪ್ಪು ಬಣ್ಣ, ಜೇನುಗೂಡಿನಂತೆ ಆರು ಮೂಲೆಯ ಕೋಶಗಳು. ಪ್ರತಿಯೊಂದೂ ನೂಲಿನಂಥ ಬೆರಳು ಚಾಚಿ ತನ್ನ ಪಾಲಿನ ಹತ್ತಾರು ದಂಡಗಳ ತುದಿಯನ್ನು ತಬ್ಬಿಕೊಂಡಿರುತ್ತದೆ. ಬೆಳಕು ಹರಿಯುತ್ತಲೇ ದಂಡದ ಸುಮಾರು ಹತ್ತನೇ ಒಂದು ಪಾಲು ಕಟ್ಟುಕಟ್ಟಾಗಿ ಉದುರುತ್ತದೆ. ಪೊರೆಯ ಒಳಮೈಯಲ್ಲಿರಬೇಕಾದ ಕೊಬ್ಬಿನ ಅಣುವೊಂದು ಆಗ ಹೊರಮೈಗೆ ಬಂದಿರುತ್ತದೆ. ಒಯ್ಯಬಹುದೆಂಬ ಗುರುತು ಅದು. ಬೆರಳುಗಳು ಕಟ್ಟನ್ನು ಸುತ್ತಿ ಒಳಗೆಳೆದುಕೊಳ್ಳುತ್ತವೆ. ಕಿಣ್ವಗಳು ಅದನ್ನು ಕರಗಿಸುತ್ತವೆ. ಬೆಲೆಯುಳ್ಳ ಕೊಬ್ಬಿನಾಮ್ಲಗಳು ಮತ್ತೆ ದಂಡಕೋಶಕ್ಕೇ ಸಲ್ಲುತ್ತವೆ.

ರಿಚರ್ಡ್ ಯಂಗ್ ಮತ್ತು ಡೀನ್ ಬಾಕ್ 1969ರಲ್ಲಿ ಇದನ್ನು ಕಪ್ಪೆಯ ಕಣ್ಣಿನಲ್ಲಿ ಕಂಡರು. ವಿಕಿರಣದ ಗುರುತು ಹೊತ್ತ ಬಿಲ್ಲೆಗಳು ಬುಡದಿಂದ ತುದಿಗೆ ಸಾಗಿ, ಕೊನೆಗೆ ವರ್ಣಪದರದ ಹೊಟ್ಟೆಯಲ್ಲಿ ಸಿಕ್ಕವು. 1976ರಲ್ಲಿ ಮ್ಯಾಥ್ಯೂ ಲಾವೇಲ್ ಇಲಿಗಳಲ್ಲಿ ಕಂಡದ್ದು ನನಗೆ ಇನ್ನೂ ದೊಡ್ಡ ಬೆರಗು: ಕತ್ತಲಲ್ಲೇ ಇಟ್ಟರೂ, ಬೆಳಗಾಗಬೇಕಿದ್ದ ಹೊತ್ತಿಗೆ ಬಿಲ್ಲೆಗಳು ಉದುರುತ್ತಿದ್ದವು. ಸೂರ್ಯ ಬಾರದಿದ್ದರೂ ಕಣ್ಣಿಗೆ ಬೆಳಗು ಗೊತ್ತು!

ವರ್ಣಪದರದ ಕೋಶಗಳಿಗೆ ನುಂಗುವ ಶಕ್ತಿಯೇ ಇಲ್ಲದ ಇಲಿತಳಿಯೊಂದಿದೆ. ಅಲ್ಲಿ ಉದುರಿದ ಚೂರುಗಳು ರಾಶಿ ಬೀಳುತ್ತವೆ, ಕೆಲವೇ ವಾರಗಳಲ್ಲಿ ದಂಡಕೋಶಗಳು ಸಾಯತೊಡಗುತ್ತವೆ. ಇದಕ್ಕೆ ಕಾರಣ ಒಂದು ಜೀನಿನ ದೋಷ; ಅದೇ ಜೀನಿನ ದೋಷ ಮನುಷ್ಯರ ಕುರುಡಿಗೂ ಕಾರಣವಾಗಬಲ್ಲದೆಂದು 2000ದಲ್ಲಿ ತಿಳಿಯಿತು.

ಗಟ್ಟಿ ಕೋಶಗಳೂ ದಣಿಯುತ್ತವೆ. ದೊಡ್ಡವರಾದ ಮೇಲೆ ಅವು ಸಾಮಾನ್ಯವಾಗಿ ಮರುಹುಟ್ಟುವುದಿಲ್ಲ. ಹುಟ್ಟಿನಿಂದ ಜೊತೆಗಿದ್ದವೇ ಎಪ್ಪತ್ತು, ಎಂಬತ್ತು ವರ್ಷ ದಿನವೂ ನುಂಗಬೇಕು. ಕರಗದೆ ಉಳಿದ ಜಿಗುಟು ಚೂರುಗಳು, ಲಿಪೊಫುಸಿನ್, ಒಳಗೇ ಸೇರುತ್ತಾ ಹೋಗುತ್ತವೆ.

ನೀಲಿ ಬೆಳಕು ಬಿಟ್ಟು ತೆಗೆದ ದೊಡ್ಡಮ್ಮನ ಕಣ್ಣಿನ ಚಿತ್ರವನ್ನು ವೈದ್ಯರು ತೋರಿಸಿದರು. ಸುತ್ತಲೂ ಆ ಉಳಿಕೆಯ ಬೂದು ಹೊಳಪು. ನಟ್ಟನಡುವೆ ಕಪ್ಪು ಮಚ್ಚೆ; ಅಲ್ಲಿಯ ಕೋಶಗಳು ಸತ್ತಿವೆ, ಹೊಳೆಯಲು ಏನೂ ಉಳಿದಿಲ್ಲ.

ಬಾಗಿಲಲ್ಲಿ ನಿಂತ ನನ್ನತ್ತ ಅವರು ತಲೆ ಓರೆ ಮಾಡಿ ನೋಡುತ್ತಾರೆ. "ಕಿವಿ ಕಾಣತ್ತೆ ಕಣೋ, ಕೂದಲೂ ಕಾಣತ್ತೆ. ಮುಖ ಮಾತ್ರ ಒರೆಸಿದ ಹಾಗಿದೆ. ಮಾತಾಡು, ಯಾರು ಅಂತ ಗೊತ್ತಾಗ್ಲಿ."