ಹದಿನೈದನೇ ದಿನದ ರೀಡಿಂಗ್

‘ಏನೇ ಇದು, ಅರಿಶಿನದ ನೀರಾ?’

ಲ್ಯಾಬ್‌ನಿಂದ ಕಳಿಸಿದ ಫೋಟೊ ನೋಡಿ ಅಮ್ಮ ಕೇಳಿದ ಪ್ರಶ್ನೆ. ಪೂರ್ತಿ ತಪ್ಪೇನಲ್ಲ. ಎಂ.ಫಾರ್ಮ್ ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡಿದ್ದು ಅರಿಶಿನದಲ್ಲಿರುವ ಕರ್ಕ್ಯುಮಿನ್. ಅದು ನೀರಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಹಾಗಾಗಿ ಪಿಎಲ್‌ಜಿಎ ಎಂಬ ಪಾಲಿಮರ್‌ನ ನ್ಯಾನೊ ಕಣಗಳೊಳಗೆ ಅದನ್ನು ತುಂಬುವ ಕೆಲಸ. ಆ ದಿನ ಯಂತ್ರ ತೋರಿಸಿದ ಗಾತ್ರ 182 ನ್ಯಾನೊಮೀಟರ್. ಒಂದು ಕೂದಲೆಳೆಯ ದಪ್ಪಕ್ಕೆ ಇಂಥ ಸುಮಾರು 400 ಕಣ ಸಾಲಾಗಿ ನಿಲ್ಲಬಹುದು! ಫ್ಯಾಮಿಲಿ ಗ್ರೂಪ್‌ಗೆ ಫೋಟೊ ಹಾಕದೆ ಇರಲಾಗಲಿಲ್ಲ.

ಪಿಎಲ್‌ಜಿಎ ಎಂದರೆ ಹೆದರಬೇಕಿಲ್ಲ. ಆಪರೇಷನ್ ಆದಮೇಲೆ ತಾನೇ ಕರಗಿಹೋಗುವ ಹೊಲಿಗೆ ದಾರ ಇದೆಯಲ್ಲ, ಅದೇ ಕುಟುಂಬದ್ದು. ದೇಹದೊಳಗೆ ನೀರು ಅದನ್ನು ನಿಧಾನಕ್ಕೆ ತುಂಡರಿಸಿ ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಆಮ್ಲಗಳನ್ನಾಗಿ ಮಾಡುತ್ತದೆ. ಮೊಸರಿನ ಹುಳಿಯೂ ಲ್ಯಾಕ್ಟಿಕ್ ಆಮ್ಲವೇ. ಇದೇ ಪಾಲಿಮರ್‌ನ ಕಣಗಳಲ್ಲಿ ಔಷಧ ತುಂಬಿ, ತಿಂಗಳಿಗೊಮ್ಮೆ ಕೊಡುವ ಪ್ರಾಸ್ಟೇಟ್ ಕ್ಯಾನ್ಸರ್ ಇಂಜೆಕ್ಷನ್ ‘ಲೂಪ್ರಾನ್ ಡಿಪೋ’ಗೆ ಅಮೆರಿಕದಲ್ಲಿ 1989ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಅವು ನನ್ನ ಕಣಗಳಿಗಿಂತ ಎಷ್ಟೋ ಪಟ್ಟು ದೊಡ್ಡವು, ಅಷ್ಟೇ.

ಮಾಡುವುದು ಸುಲಭ. ಡೆಟಾಲ್ ನೀರಿಗೆ ಬಿದ್ದ ಕೂಡಲೇ ಹಾಲಿನಂತಾಗುವುದನ್ನು ನೋಡಿದ್ದೀರಲ್ಲ? ಹೆಚ್ಚುಕಡಿಮೆ ಹಾಗೆಯೇ. ಪಿಎಲ್‌ಜಿಎ ಮತ್ತು ಕರ್ಕ್ಯುಮಿನ್ ಎರಡನ್ನೂ ಅಸಿಟೋನ್‌ನಲ್ಲಿ ಕರಗಿಸಿ, ತಿರುಗುತ್ತಿರುವ ನೀರಿಗೆ ಹನಿಹನಿಯಾಗಿ ಬಿಟ್ಟರೆ ಕಣಗಳು ಹುಟ್ಟುತ್ತವೆ. ಅವು ಒಂದಕ್ಕೊಂದು ಅಂಟದಿರಲೆಂದು ನೀರಿಗೆ ಮೊದಲೇ ಪಾಲಿವಿನೈಲ್ ಆಲ್ಕೋಹಾಲ್ ಬೆರೆಸಿರುತ್ತೇವೆ. ಅಸಿಟೋನ್ ಆರಿಹೋದರೆ ಮುಗಿಯಿತು.

ಮುಗಿಯಿತು ಅಂದುಕೊಂಡಿದ್ದೇ ಎಡವಟ್ಟು. ಹದಿನೈದನೇ ದಿನ ಫ್ರಿಜ್ ತೆಗೆದರೆ ಬಾಟಲಿಯ ತಳದಲ್ಲಿ ಹಳದಿ ಗಷ್ಟು! ಗಾತ್ರ ಅಳೆಯುವ ಯಂತ್ರ ನಮ್ಮ ಕಾಲೇಜಿನಲ್ಲಿಲ್ಲ. ಬೆಳಿಗ್ಗೆ ಆರರ ಬಸ್ಸಿಗೆ ಐಸ್ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬೆಂಗಳೂರಿಗೆ ಹೋದೆ. ರೀಡಿಂಗ್ 1,400 ದಾಟಿತ್ತು.

‘ಮೊದಲ ದಿನದ್ದು ಇದೆಯಲ್ಲ, ಅದನ್ನೇ ಹಾಕು ಮಾರಾಯ್ತಿ. ವೈವಾದಲ್ಲಿ ಬಾಟಲಿ ತೋರಿಸು ಅಂತ ಯಾರೂ ಕೇಳಲ್ಲ’ ಎಂದರು ಸೀನಿಯರ್ ಒಬ್ಬರು. ಎರಡು ದಿನ ನಿಜವಾಗಿಯೂ ಯೋಚಿಸಿದೆ. ಥೀಸಿಸ್ ಸಲ್ಲಿಸಲು ಉಳಿದಿದ್ದು ಎರಡೂವರೆ ತಿಂಗಳು. ಗ್ರಾಂಗೆ ಸಾವಿರಾರು ರೂಪಾಯಿಯ ಪಾಲಿಮರ್ ತಳ ಕಾಣುತ್ತಿತ್ತು. ಆದರೆ ನಾನು ಈ ವಿಧಾನ ಎತ್ತಿಕೊಂಡಿದ್ದೂ ಒಂದು ಹಳೇ ಥೀಸಿಸ್‌ನಿಂದಲೇ. ಮತ್ತೆ ತೆಗೆದು ನೋಡಿದೆ. ಅದರಲ್ಲೂ ಮೊದಲ ದಿನದ ರೀಡಿಂಗ್ ಮಾತ್ರ ಇತ್ತು. ಸಿಟ್ಟು ಬಂತು. ನಮ್ಮ ಅತಿ ಸಣ್ಣ ರಕ್ತನಾಳಗಳ ಅಗಲವೇ ಐದರಿಂದ ಹತ್ತು ಮೈಕ್ರೊಮೀಟರ್. ಇಂಥ ಗಷ್ಟು ಅಲ್ಲಿ ಸಿಕ್ಕಿಕೊಂಡರೆ?

ಮೇಡಂ ಬೈಯಲಿಲ್ಲ. ‘ಎಷ್ಟು ಸಲ ತೊಳೆದೆ?’ ಅಂದರು. ನಾಲ್ಕು ಸಲ. ಹೆಚ್ಚುವರಿ ಪಾಲಿವಿನೈಲ್ ಆಲ್ಕೋಹಾಲ್ ಹೋಗಲಿ ಎಂದು ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸಿ ತಿರುಗಿಸಿ ತೊಳೆದಿದ್ದೆ. ಕಣಗಳ ಮೈಮೇಲಿನ ಹೊದಿಕೆಯನ್ನೂ ಕಿತ್ತಿದ್ದೆ! ಸಾರಿನ ಮೇಲಿನ ಎಣ್ಣೆ ಹನಿಗಳು ಸೇರಿ ದೊಡ್ಡದಾಗುವಂತೆ ಇವೂ ಒಂದಾಗಲು ಕಾಯುತ್ತಿರುತ್ತವೆ. ತಡೆಯುವುದು ಆ ಹೊದಿಕೆಯೇ.

ವೇಗ ತಗ್ಗಿಸಿ ಎರಡೇ ಸಲ ತೊಳೆದೆ. ವಾಸಿ ಎನಿಸಿತು. ಆದರೆ ನೀರಿನಲ್ಲೇ ಇಟ್ಟರೆ ಇನ್ನೊಂದು ತೊಂದರೆ. ದೇಹದಲ್ಲಿ ಕರಗುವ ಗುಣವನ್ನೇ ನಾವು ಹೊಗಳುವುದು, ಬಾಟಲಿಯಲ್ಲೂ ಅದು ಸುಮ್ಮನಿರುವುದಿಲ್ಲ. ನೀರು ಕತ್ತರಿಸುತ್ತಲೇ ಇರುತ್ತದೆ, ಔಷಧವೂ ಸೋರುತ್ತದೆ. ಒಣಗಿಸಲೇಬೇಕು, ಅದೂ ಬಿಸಿ ಮಾಡದೆ. ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಮಂಜುಗಡ್ಡೆಯನ್ನು ನೇರವಾಗಿ ಆವಿ ಮಾಡುವ ಫ್ರೀಜ್ ಡ್ರೈಯಿಂಗ್ ಇದಕ್ಕೆ.

ಮೊದಲ ಸಲ ಸಿಕ್ಕಿದ್ದು ತೇವ ತಾಗಿದ ಹಾಲಿನ ಪುಡಿಯಂಥ ಗಂಟು. ಎಷ್ಟು ಕುಲುಕಿದರೂ ಬಿಡಲಿಲ್ಲ. ಹೆಪ್ಪುಗಟ್ಟುವಾಗ ಮಂಜಿನ ಹರಳುಗಳು ಕಣಗಳನ್ನು ಮೂಲೆಗೆ ಒತ್ತಿ ಹಿಸುಕಿಬಿಡುತ್ತವಂತೆ. ಎರಡನೇ ಸಲ ಟ್ರೆಹಲೋಸ್ ಬೆರೆಸಿದೆ, 100 ಮಿಲಿಲೀಟರ್‌ಗೆ 5 ಗ್ರಾಂ. ಇದು ಒಂದು ಬಗೆಯ ಸಕ್ಕರೆ. ಯೀಸ್ಟ್ ಒಣಗಿಯೂ ಬದುಕುಳಿಯುವುದರಲ್ಲಿ ಇದರ ಪಾಲಿದೆ. ಕಣಗಳ ನಡುವೆ ಗಾಜಿನಂತೆ ಗಟ್ಟಿಯಾಗಿ ನಿಂತು ಅವನ್ನು ದೂರದೂರ ಇಡುತ್ತದೆ. ಈ ಬಾರಿ ಸಿಕ್ಕಿದ್ದು ಹಗುರವಾದ ತಿಳಿಹಳದಿ ಬಿಲ್ಲೆ. ನೀರು ಹಾಕಿ ಕುಲುಕಿದೆ, ಕ್ಷಣದಲ್ಲಿ ಅಮ್ಮನ ಅರಿಶಿನದ ನೀರು! 207 ನ್ಯಾನೊಮೀಟರ್. ತಿಂಗಳ ನಂತರ ಇನ್ನೊಂದು ಬಾಟಲಿ ಒಡೆದಾಗ 215. ಕರ್ಕ್ಯುಮಿನ್ ಒಂದಷ್ಟು ತೊಳೆಯುವಾಗಲೇ ಹೋಗಿತ್ತು, ಅದನ್ನೂ ಬರೆದೆ. 1,400ರ ರೀಡಿಂಗ್‌ಗೆ ಪ್ರತ್ಯೇಕ ಪುಟವೇ ಕೊಟ್ಟೆ.

ಕಳೆದ ವಾರ ಒಂದು ಔಷಧ ಕಂಪನಿಯಲ್ಲಿ ಸಂದರ್ಶನ. 182 ಎಂದು ಹೆಮ್ಮೆಯಿಂದ ಶುರು ಮಾಡಿದೆ. ಅವರು ಕೇಳಿದ್ದು ಒಂದೇ: ‘ಎಷ್ಟು ದಿನ ನಿಂತಿತು?’ ಅರ್ಧ ಗಂಟೆ ಗಷ್ಟಿನ ಬಗ್ಗೆಯೇ ಮಾತಾಯಿತು. ಫಲಿತಾಂಶ ಇನ್ನೂ ಬಂದಿಲ್ಲ. ಫ್ರಿಜ್‌ನಲ್ಲಿ ಮೂರು ಬಾಟಲಿ ಉಳಿದಿವೆ. ಮಂಗಳವಾರಕ್ಕೆ ಮೂರು ತಿಂಗಳಾಗುತ್ತದೆ, ಮತ್ತೆ ಆರರ ಬಸ್ಸು ಹಿಡಿಯಬೇಕು.